ಬ್ರೌಸರ್ ಬಿದ್ದಾಗ ಮಹಜರು ಬರೆಯುವವನು

ಲ್ಯಾಪ್‌ಟಾಪಿನ ಫ್ಯಾನು ಜೋರಾದಾಗ ನಾವೆಲ್ಲ ಮಾಡೋದು ಒಂದೇ: ಒಳಗೆ ಏನೇನು ಓಡ್ತಾ ಇದೆ ಅಂತ ಇಣುಕಿ ನೋಡೋದು. ಮ್ಯಾಕ್ ಆದರೆ ಆಕ್ಟಿವಿಟಿ ಮಾನಿಟರಿನಲ್ಲಿ ‘ಕ್ರೋಮ್ ಕ್ರ್ಯಾಶ್‌ಪ್ಯಾಡ್ ಹ್ಯಾಂಡ್ಲರ್’ ಅಂತೊಂದು ಹೆಸರು ಕಾಣುತ್ತೆ. ಕ್ರೋಮ್ ಕ್ರ್ಯಾಶೇ ಆಗಿಲ್ಲವಲ್ಲ, ಇವನ್ಯಾರು? ವಿಂಡೋಸಿನಲ್ಲಿ ಇದೂ ಕೂಡ ಸುಮ್ಮನೆ ‘ಕ್ರೋಮ್’ ಅನ್ನೋ ಹೆಸರಲ್ಲೇ ಓಡುವುದರಿಂದ ಆ ಅನುಮಾನಕ್ಕೂ ಅವಕಾಶ ಇಲ್ಲ.

ವೈರಸ್ ಅಲ್ಲ, ಗಾಬರಿ ಬೇಡ. ಪ್ರೋಗ್ರಾಮ್ ಬೀಳುವುದು ಅಂದರೆ ಅದರ ಮೆಮೊರಿಯೇ ಕೆಟ್ಟಿರಬಹುದು. ಅಂಥದ್ದಕ್ಕೆ ‘ನೀನು ಹೇಗೆ ಬಿದ್ದೆ, ಬರಿ’ ಅಂದರೆ ಅದು ಏನು ಬರೆದೀತು? ಅದಕ್ಕೇ ಪಕ್ಕದಲ್ಲಿ ಇನ್ನೊಬ್ಬನನ್ನು ಮೊದಲೇ ಕೂರಿಸಿರುತ್ತಾರೆ. ದಿನವಿಡೀ ಅವನಿಗೆ ಹೆಚ್ಚುಕಮ್ಮಿ ಕೆಲಸವೇ ಇಲ್ಲ. ಬ್ರೌಸರ್ ಬಿದ್ದ ಕ್ಷಣ ಹೊರಗಿನಿಂದಲೇ ಅದರ ಮೆಮೊರಿ ಓದಿ ಮಹಜರು ಬರೆಯುತ್ತಾನೆ: ಪ್ರತಿ ಥ್ರೆಡ್ಡಿನ ಸ್ಟ್ಯಾಕ್ ಹೇಗಿತ್ತು, ಪ್ರೊಸೆಸರಿನ ರಿಜಿಸ್ಟರುಗಳಲ್ಲಿ ಏನಿತ್ತು, ಯಾವ್ಯಾವ ಲೈಬ್ರರಿ ಲೋಡ್ ಆಗಿದ್ದವು. ಈ ಫೈಲಿಗೆ ಮಿನಿಡಂಪ್ ಅಂತ ಹೆಸರು. ಎಂಜಿನಿಯರಿಂಗ್ ದೃಷ್ಟಿಯಿಂದ ಸೊಗಸಾದ ಕೆಲಸ, ನನ್ನ ತಕರಾರು ಅದರ ಮೇಲಲ್ಲ.

ತಕರಾರು ಕೇಳುವ ರೀತಿಯ ಮೇಲೆ. ಫೈರ್‌ಫಾಕ್ಸ್ ಪೂರ್ತಿ ಬಿದ್ದಾಗ ಒಂದು ಪುಟ್ಟ ಕಿಟಕಿ ತೆರೆದುಕೊಳ್ಳುತ್ತೆ. ಕ್ಷಮೆ ಕೇಳುತ್ತೆ, ವರದಿ ಕಳಿಸಲಾ ಅನ್ನುತ್ತೆ, ನೀವಿದ್ದ ಪುಟದ ವಿಳಾಸ ಸೇರಿಸಲಾ ಅಂತ ಅದನ್ನು ಬೇರೆಯಾಗಿಯೇ ಕೇಳುತ್ತೆ. ಏನಾದರೂ ಹೇಳೋದಿದ್ದರೆ ಒಂದು ಖಾಲಿ ಪೆಟ್ಟಿಗೆಯೂ ಉಂಟು. ಅಲ್ಲಿ ಬರೆದದ್ದು ಸಾರ್ವಜನಿಕರಿಗೆ ಕಾಣುತ್ತೆ ಅಂತ ಬಹುಕಾಲ ಆ ಪೆಟ್ಟಿಗೆಯೊಳಗೇ ಎಚ್ಚರಿಕೆ ಇತ್ತು. ದೋಷವಿಲ್ಲ ಅಂತಲ್ಲ. ‘ವಿವರ’ ಒತ್ತಿದರೆ ಸಿಗೋದು ಸಾಲು ಸಾಲು ಕೋಡು ಮತ್ತು ಅಂಕಿ, ಡೆವಲಪರನಿಗೇ ತಲೆ ತಿರುಗೋ ಅಂಥದ್ದು. ಆದರೂ ಬಿದ್ದ ಹೊತ್ತಿನಲ್ಲಿ, ಬಿದ್ದದ್ದರ ಎದುರಿಗೇ ನಿಂತು ಕೇಳುತ್ತೆ. ಆ ಪುಟದಲ್ಲಿ ಏನಿತ್ತು ಅಂತ ನಮಗೆ ಆಗ ನೆನಪಿರುತ್ತೆ.

ಕ್ರೋಮ್ ಒಂದೇ ಸಲ ಕೇಳಿ ಮುಗಿಸಿಬಿಡುತ್ತೆ, ಡೌನ್‌ಲೋಡ್ ಮಾಡಿಕೊಳ್ಳುವಾಗ, ಅದೂ ಮೊದಲೇ ಟಿಕ್ ಬಿದ್ದ ಚೌಕದ ಮೂಲಕ. ಹೊಸ ಲ್ಯಾಪ್‌ಟಾಪಿನ ಉತ್ಸಾಹದಲ್ಲಿ ಅದನ್ನು ಓದೋರು ಯಾರು? ಆಮೇಲೆ ಟ್ಯಾಬ್ ಬಿದ್ದರೆ ಬೇಸರದ ಮುಖದ ಒಂದು ಚಿತ್ರ, ‘ಆ, ಸ್ನ್ಯಾಪ್!’ ಅನ್ನೋ ಉದ್ಗಾರ, ರೀಲೋಡ್ ಬಟನ್. ವರದಿ ಹೋಯಿತಾ ಇಲ್ಲವಾ ಅಂತ ಒಂದು ಮಾತಿಲ್ಲ. ತಮಾಷೆಯೆಂದರೆ ಇಬ್ಬರ ತಂತ್ರವೂ ಒಂದೇ ಬೇರಿನದು. 2008ರಲ್ಲಿ ಫೈರ್‌ಫಾಕ್ಸ್ 3 ಬಂದಾಗ ಅದು ಬಳಸಿದ್ದು ಗೂಗಲ್ಲಿನ ಬ್ರೇಕ್‌ಪ್ಯಾಡನ್ನೇ. ಈಗಿನ ಕ್ರ್ಯಾಶ್‌ಪ್ಯಾಡ್ ಅದರ ಮುಂದಿನ ತಲೆಮಾರು. ವ್ಯತ್ಯಾಸ ಇರೋದು ಕೋಡಿನಲ್ಲಲ್ಲ, ಮರ್ಯಾದೆಯಲ್ಲಿ.

ಇಷ್ಟಕ್ಕೆ ಇಷ್ಟೊಂದು ಮಾತು ಯಾಕೆ ಅಂದರೆ, ಸ್ಟ್ಯಾಕಿನ ತುಣುಕಿನಲ್ಲಿ ನಾವು ಟೈಪ್ ಮಾಡುತ್ತಿದ್ದದ್ದೋ ನೋಡುತ್ತಿದ್ದ ವಿಳಾಸವೋ ಸಿಕ್ಕಿಹಾಕಿಕೊಂಡಿರಬಹುದು. ಹಾಗಾಗಬಹುದು ಅಂತ ಗೂಗಲ್ಲೂ ತನ್ನ ವಿವರಣೆಯಲ್ಲಿ ಒಪ್ಪಿಕೊಳ್ಳುತ್ತೆ. ಕ್ರ್ಯಾಶ್ ವರದಿಯಲ್ಲಿ ಯಾರಿಗೆ ಆಸಕ್ತಿ ಅನ್ನೋರಿಗೆ ಒಂದು ಉದಾಹರಣೆ: ಅಮೆರಿಕದ ಎನ್‌ಎಸ್‌ಎ ವಿಂಡೋಸಿನ ಕ್ರ್ಯಾಶ್ ವರದಿಗಳನ್ನು ಇಂಟರ್ನೆಟ್ ದಾರಿಯಲ್ಲೇ ಹೆಕ್ಕಿಕೊಳ್ಳುತ್ತಿತ್ತು ಅಂತ ಜರ್ಮನಿಯ ‘ಡೇರ್ ಸ್ಪೀಗೆಲ್’ 2013ರ ಡಿಸೆಂಬರಿನಲ್ಲಿ ಬರೆಯಿತು. ಯಾರ ಮೆಷಿನ್ನಿನಲ್ಲಿ ಯಾವ ಬಿರುಕಿದೆ ಅಂತ ತಿಳಿಯೋಕೆ ಅದಕ್ಕಿಂತ ಸುಲಭ ದಾರಿ ಬೇಕಾ?

ಹಾಗಂತ ಎಲ್ಲ ಆಫ್ ಮಾಡಿ ಅನ್ನಲಾರೆ. ಸಾವಿರ ಜನರ ಮೆಷಿನ್ನಿನಲ್ಲಿ ಒಂದೇ ಸಾಲಿನಲ್ಲಿ ಬೀಳ್ತಾ ಇದೆ ಅಂತ ಗೊತ್ತಾಗದೆ ಆ ಸಾಲನ್ನು ತಿದ್ದುವವರು ಯಾರು? ನನ್ನ ಮನೆಯ ಲ್ಯಾಪ್‌ಟಾಪಿನಲ್ಲಿ ಆನ್ ಇದೆ. ಕ್ಲೈಂಟಿನ ಡೇಟಾ, ರೋಗಿಯ ರಿಪೋರ್ಟು, ಯಾರದೋ ಸಂಬಳದ ಶೀಟು, ಹೀಗೆ ಬೇರೆಯವರ ಗುಟ್ಟು ತೆರೆದಿರುವ ಮೆಷಿನ್ನಿನಲ್ಲಿ ಮಾತ್ರ ಆಫ್. ಅದು ನಾನು ದಾನ ಕೊಡಬಹುದಾದ ವಸ್ತುವಲ್ಲ.

ಪ್ರೊಸೆಸ್ಸನ್ನೇ ಕೊಲ್ಲುವುದರಿಂದ ಪ್ರಯೋಜನವಿಲ್ಲ, ಕ್ರೋಮ್ ಮತ್ತೆ ತೆರೆದಾಗ ಅದೂ ಮತ್ತೆ ಹಾಜರ್. ಸೆಟ್ಟಿಂಗ್ಸಿನಲ್ಲಿ ಗೂಗಲ್ ಸೇವೆಗಳ ಭಾಗಕ್ಕೆ ಹೋಗಿ, ಕ್ರೋಮ್ ಸುಧಾರಿಸಲು ನೆರವಾಗಿ ಅನ್ನೋ ಅರ್ಥದ ಸ್ವಿಚ್ ಹುಡುಕಿ. ಹೆಸರಿನಲ್ಲಿ ಕ್ರ್ಯಾಶ್ ಅನ್ನೋ ಪದವೇ ಇಲ್ಲ, ಅದು ಕೆಳಗಿನ ಸಣ್ಣ ಅಕ್ಷರದ ಸಾಲಿನಲ್ಲಿದೆ. ಅದನ್ನು ಆಫ್ ಮಾಡಿದರೂ ಮಹಜರಿನವನು ಕೂತೇ ಇರುತ್ತಾನೆ, ವರದಿ ಹೊರಗೆ ಹೋಗೋದು ನಿಲ್ಲುತ್ತೆ ಅಷ್ಟೇ. ಸ್ವಿಚ್ ಅಲುಗಾಡದಿದ್ದರೆ ಕಂಪನಿಯ ಐಟಿಯವರು ಪಾಲಿಸಿ ಹಾಕಿ ನಿರ್ಧಾರ ತಾವೇ ತೆಗೆದುಕೊಂಡಿರಬಹುದು, ಅವರನ್ನೇ ಕೇಳಿ. ಇದುವರೆಗೆ ಏನೇನು ಹೋಗಿದೆ ಅಂತ ನೋಡಬೇಕಾದರೆ ವಿಳಾಸದ ಜಾಗದಲ್ಲಿ ‘ಕ್ರೋಮ್://ಕ್ರ್ಯಾಶಸ್’ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಫೈರ್‌ಫಾಕ್ಸಿನಲ್ಲಾದರೆ ‘ಅಬೌಟ್:ಕ್ರ್ಯಾಶಸ್’. ಬಿದ್ದ ತಾರೀಖುಗಳ ಒಂದು ಪಟ್ಟಿ ಬರುತ್ತೆ. ಕೆಲವರಿಗೆ ಅದು ಸಾಕಷ್ಟು ಉದ್ದವೇ ಇರುತ್ತೆ.