ಚಿಕ್ಕ ಗಡಿಯಾರದ ಕೆಳಗೆ

ನಮ್ಮ ಅಡಿಗೆಮನೆಯ ಗೋಡೆಯ ಮೇಲೆ ಎರಡು ವರ್ಷದಷ್ಟು ಹಳೆಯ ಕ್ಯಾಲೆಂಡರ್ ಒಂದು ಇನ್ನೂ ತೂಗುತ್ತಿದೆ. ತಾರೀಖು ನೋಡುವುದಕ್ಕಲ್ಲ. ಅದರ ಚಿತ್ರಗಳೊಂದಿಗೆ ನನ್ನದೊಂದು ಜಗಳ ಇನ್ನೂ ಮುಗಿದಿಲ್ಲ, ಅದಕ್ಕೆ. ಮೈಸೂರಿನ ನಾವು ಐದು ಮಂದಿ ಗೆಳತಿಯರು ಒಂದು ವರ್ಷವಿಡೀ ಭಾನುವಾರದ ಬೆಳಗಿನ ಹೊತ್ತು ಊರು ಸುತ್ತಿ, ಹಳೆಯ ಅಂಗಡಿಗಳ ಬೋರ್ಡುಗಳನ್ನೂ ಬೀದಿ ಗಡಿಯಾರಗಳನ್ನೂ ಫೋಟೋ ತೆಗೆದು, ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ಕ್ಯಾಲೆಂಡರ್ ಅದು. ನೆಂಟರಿಷ್ಟರು ಹೊಗಳಿದರು. ಬೆಂಗಳೂರಿನಲ್ಲಿ ನೆಲೆಸಿದವರಂತೂ ಕಣ್ಣಲ್ಲಿ ನೀರು ತುಂಬಿಕೊಂಡು "ನಮ್ಮ ಮೈಸೂರು!" ಎಂದರು. ಹೊಗಳಿಕೆಯ ಸದ್ದೆಲ್ಲ ಅಡಗಿದ ಮೇಲೆ ಒಂದು ಮಧ್ಯಾಹ್ನ ನಾನೊಬ್ಬಳೇ ಕೂತು ಹನ್ನೆರಡೂ ಹಾಳೆಗಳನ್ನು ತಿರುವಿ ಹಾಕಿದೆ. ಆಗ ಕಂಡಿತು: ಹನ್ನೆರಡು ಚಿತ್ರಗಳಲ್ಲಿ ಒಂದರಲ್ಲೂ ಒಂದು ನರಪಿಳ್ಳೆಯಿಲ್ಲ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಜನವರಿಯ ಹಾಳೆಯಲ್ಲಿ ದೊಡ್ಡ ಗಡಿಯಾರವಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತ ಮಹೋತ್ಸವದ ನೆನಪಿಗೆ 1927ರಲ್ಲಿ ಅರಮನೆಯ ನೌಕರರು ಹಣ ಕೂಡಿಸಿ ಕಟ್ಟಿಸಿದ ಗೋಪುರ ಅದು. ಎತ್ತರ 75 ಅಡಿ. ಅದರ ಮುಖದ ಮೇಲಿರುವುದು ಕನ್ನಡದ ಅಂಕಿಗಳು. ಚಿತ್ರ ತೆಗೆದ ಗೆಳತಿ ಗೋಪುರವನ್ನೆಲ್ಲ ಬಿಟ್ಟು ಆ ಅಂಕಿಗಳಿಗೇ ಗುರಿಯಿಟ್ಟಿದ್ದಾಳೆ. ದಿನಾ ಅದರ ಕೆಳಗೇ ಬಸ್ಸಿಗೆ ಓಡುವ ನಮಗೆ, ಊರಿನ ನಡುವೆ ನಮ್ಮ ಲಿಪಿಯಲ್ಲೇ ಹೊತ್ತು ಹೇಳುವ ಗಡಿಯಾರವೊಂದಿದೆ ಎಂಬುದು ಮರೆತೇ ಹೋಗಿತ್ತು. (ಈ ಲೇಖನದಲ್ಲಿ ಇಸವಿಗಳನ್ನು ನಾನೂ ಬೇರೆ ಅಂಕಿಗಳಲ್ಲೇ ಬರೆಯುತ್ತಿದ್ದೇನೆ, ನೋಡಿ!) ಮರೆತದ್ದನ್ನು ಕಣ್ಣಿಗೆ ತಂದು ನಿಲ್ಲಿಸುವುದು ಫೋಟೋದ ಮೊದಲ ಕೆಲಸ. ಜನವರಿಯ ಚಿತ್ರ ಅದನ್ನು ಮಾಡಿದೆ.

ಜೂನ್ ತಿಂಗಳ ಚಿತ್ರವೂ ನನಗಿಷ್ಟ. ಸಂತೇಪೇಟೆಯ ಪಾತ್ರೆ ಅಂಗಡಿಯೊಂದರ ತಗಡಿನ ಬೋರ್ಡು ಅದು. ಕೈಯಲ್ಲಿ ಬರೆದದ್ದು, ಹಳದಿಯ ಮೇಲೆ ಕೆಂಪು, ಕೆಂಪಿಗೆ ಕಪ್ಪು ನೆರಳು. 'ಸ್ಟೋರ್ಸ್' ಎನ್ನುವ ಪದವನ್ನು ಬರೆಯುವ ಕಷ್ಟ ನಾವು ಯೋಚಿಸಿಯೇ ಇರುವುದಿಲ್ಲ. 'ಸ'ದ ಕೆಳಗೆ 'ಟ' ಒತ್ತು, ಪಕ್ಕದಲ್ಲಿ ದೀರ್ಘ, ಕೊನೆಯಲ್ಲಿ ಅರ್ಕಾವೊತ್ತು. ಇಂಗ್ಲಿಷಿನ ದೊಡ್ಡಕ್ಷರಗಳು ಶಾಲೆಯ ಮಕ್ಕಳಂತೆ ಒಂದೇ ಗೆರೆಯಲ್ಲಿ ನಿಲ್ಲುತ್ತವೆ. ನಮ್ಮವಕ್ಕೆ ಗೆರೆಯ ಕೆಳಗೂ ಜಾಗ ಬೇಕು. ಬೋರ್ಡು ಬರೆಯುವವನು ಅದನ್ನು ಮೊದಲೇ ಲೆಕ್ಕ ಹಾಕಿ, ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಂಡು, ಒತ್ತಿಗೆ ಎಡೆ ಮಾಡಿಕೊಟ್ಟಿದ್ದಾನೆ. ಕೊನೆಯ ಅಕ್ಷರಕ್ಕೆ ಬರುವಷ್ಟರಲ್ಲಿ ಜಾಗ ಸಾಲದೆ ಅದು ತುಸು ಮೈ ಮುದುಡಿಕೊಂಡಿದೆ. ಆ ಮುದುಡುವಿಕೆಯಲ್ಲಿ ಬರೆದವನ ಕೈ ಕಾಣುತ್ತದೆ. ಈಗಿನ ಕಂಪ್ಯೂಟರ್ ಬೋರ್ಡುಗಳಲ್ಲಿ ಒತ್ತಕ್ಷರ ಎಷ್ಟೋ ಸಲ ಕೆಳಗಿನ ಫೋನ್ ನಂಬರಿನ ತಲೆಯ ಮೇಲೆ ಕೂತಿರುತ್ತದೆ. ಫಲಕದ ಶೇಕಡ 60 ಭಾಗ ಕನ್ನಡವಿರಬೇಕೆಂದು 2024ರಲ್ಲಿ ಕಾನೂನು ಬಂತು, ಒಳ್ಳೆಯದೇ. ಆದರೆ ಕಾನೂನು ಅಕ್ಷರದ ಅಳತೆ ಹೇಳೀತು, ಅಂದವನ್ನು ಹೇಳಲಾರದು. ಆ ಅಂದಕ್ಕೆ ಸಾಕ್ಷಿಯಾಗಿ ಜೂನ್ ತಿಂಗಳ ಚಿತ್ರ ಉಳಿಯಬೇಕು.

ಇನ್ನು ಜಗಳದ ಮಾತು. ಚಿತ್ರಗಳ ಕೆಳಗೆ ನಾವು ಹಾಕಿದ್ದು 'ಹಳೆಯ ಮೈಸೂರು' ಎಂಬ ಎರಡೇ ಪದ. ಯಾವ ಬೀದಿ, ಎಷ್ಟನೆಯ ಇಸವಿ, ಒಂದೂ ಇಲ್ಲ. ಬೋರ್ಡಿನ ಮುಂದೆ ಹಾದುಹೋಗುತ್ತಿದ್ದ ವಿದ್ಯುತ್ ತಂತಿಗಳನ್ನು ಕಂಪ್ಯೂಟರಿನಲ್ಲಿ ಅಳಿಸಿದೆವು. ಪಕ್ಕದ ಫ್ಲೆಕ್ಸ್ ಬ್ಯಾನರನ್ನು ಕತ್ತರಿಸಿದೆವು. ಬೆಳಿಗ್ಗೆ ಆರೂವರೆಗೆ ಹೋದದ್ದೂ ಜನ ಬರುವ ಮೊದಲು ಮುಗಿಸಿಬಿಡೋಣ ಎಂದೇ. ಹಬ್ಬಕ್ಕೆ ನೆಂಟರು ಬರುತ್ತಾರೆಂದು ಮನೆಯ ಸಾಮಾನನ್ನೆಲ್ಲ ಕೋಣೆಗೆ ತುರುಕಿ ಬಾಗಿಲು ಹಾಕುತ್ತೇವಲ್ಲ, ಹಾಗೆ ಊರನ್ನು ಒಪ್ಪ ಮಾಡಿದೆವು.

"ಅಟ್ಜೆಯ ಚಿತ್ರಗಳಲ್ಲೂ ಜನ ಇಲ್ಲವಲ್ಲ" ಎಂದು ನಮ್ಮಲ್ಲೊಬ್ಬಳು ವಾದಿಸಿದಳು. ನ್ಯಾಯವಾದ ಪ್ರಶ್ನೆಯೇ. ಯೂಜೀನ್ ಅಟ್ಜೆ ಪ್ಯಾರಿಸ್ಸಿನವನು. 1857ರಲ್ಲಿ ಹುಟ್ಟಿ, ನಾಟಕದ ನಟನಾಗಿ ಸೋತು, ಆಮೇಲೆ ಕ್ಯಾಮೆರಾ ಹಿಡಿದವನು. ಭಾರವಾದ ಪೆಟ್ಟಿಗೆ ಕ್ಯಾಮೆರಾ, ಗಾಜಿನ ಫಲಕಗಳನ್ನು ಹೊತ್ತುಕೊಂಡು ಮೂವತ್ತು ವರ್ಷ ಹಳೆಯ ಪ್ಯಾರಿಸ್ಸಿನ ಅಂಗಡಿಗಳನ್ನೂ ಬಾಗಿಲುಗಳನ್ನೂ ಅಂಗಡಿಯ ಮೇಲಿನ ಕಬ್ಬಿಣದ ಗುರುತುಗಳನ್ನೂ ಚಿತ್ರಿಸಿದ. ತನ್ನ ಚಿತ್ರಗಳನ್ನು ಅವನು ಕಲೆಯೆಂದು ಕರೆಯಲಿಲ್ಲ. ಕಲಾವಿದರಿಗೆ, ಗ್ರಂಥಾಲಯಗಳಿಗೆ ಬೇಕಾಗುವ ದಾಖಲೆಗಳೆಂದು ಮಾರಿದ. ಅವನ ಬೀದಿಗಳು ಖಾಲಿಯಾಗಿ ಕಾಣುವುದಕ್ಕೆ ಕಾರಣ ಎರಡು: ಅವನೂ ಬೆಳ್ಳಂಬೆಳಿಗ್ಗೆ ಹೋಗುತ್ತಿದ್ದ, ಮೇಲಾಗಿ ಅವನ ಕ್ಯಾಮೆರಾ ನಿಧಾನದ್ದು, ನಡೆದಾಡುವವರು ಅದರ ಮುಂದೆ ಹೊಗೆಯಂತೆ ಕರಗಿಹೋಗುತ್ತಿದ್ದರು.

ಆದರೆ ಅವನು 1908ರಲ್ಲಿ ತೆಗೆದ, 'ತಮಟೆ' ಎಂಬ ಅರ್ಥದ ಹೆಸರಿನ ಅಂಗಡಿಯ ಚಿತ್ರವನ್ನು ನೋಡಬೇಕು. ಮೇಲೆ ಅಂಗಡಿಯ ಹೆಸರು, ಗುರುತು. ಕೆಳಗೆ ಗಾಜಿನ ಬಾಗಿಲು. ಆ ಗಾಜಿನ ಹಿಂದೆ ನಿಂತು ಹೊರಗೆ ನೋಡುತ್ತಿರುವ ಮುಖ. ಅದೇ ಗಾಜಿನ ಮೇಲೆ ಮುಸುಕು ಹೊದ್ದ ಕ್ಯಾಮೆರಾದ, ಅಟ್ಜೆಯದೇ ನೆರಳು. ಬೇಕೆಂದಿದ್ದರೆ ಅವನು ಪಕ್ಕಕ್ಕೆ ಸರಿದು ತೆಗೆಯಬಹುದಿತ್ತು. ಹಾಗೆ ಮಾಡಲಿಲ್ಲ. ನೋಡುವವನು, ನೋಡಿಸಿಕೊಳ್ಳುವವನು, ಇಬ್ಬರ ತಲೆಯ ಮೇಲಿನ ಬೋರ್ಡು ಮೂರೂ ಒಂದೇ ಚಿತ್ರದಲ್ಲಿ ಸೇರಿಕೊಂಡವು. ನಮ್ಮ ಚಿತ್ರಗಳಿಗೂ ಅವನ ಚಿತ್ರಕ್ಕೂ ಇರುವ ಅಂತರ ಇದೇ. ಅವನ ಬೀದಿಯಿಂದ ಜನ ತಾವಾಗಿ ಕರಗಿಹೋದರು. ನಮ್ಮ ಬೀದಿಯಿಂದ ಅವರನ್ನು ನಾವು ಓಡಿಸಿದೆವು. ಅವನು ಚಿತ್ರದ ಬೆನ್ನಿಗೆ ಸ್ಥಳದ ಹೆಸರು, ಸಂಖ್ಯೆ ಬರೆದಿಡುತ್ತಿದ್ದ. ನಾವು 'ಹಳೆಯ ಮೈಸೂರು' ಎಂದು ಕೈ ತೊಳೆದುಕೊಂಡೆವು.

ಅಟ್ಜೆ ತೀರಿಕೊಂಡದ್ದು ನಮ್ಮ ದೊಡ್ಡ ಗಡಿಯಾರದ ವರ್ಷವೇ, 1927ರಲ್ಲಿ. ಅವನು ಬಿಟ್ಟುಹೋದ ಸಾವಿರಾರು ಚಿತ್ರಗಳನ್ನು ಉಳಿಸಿದವಳು ಒಬ್ಬ ಹೆಂಗಸು, ಅಮೆರಿಕದ ಬೆರೆನಿಸ್ ಆ್ಯಬಟ್. ಆಗ ಆಕೆಗೆ ಮೂವತ್ತರ ವಯಸ್ಸು. ಸಾಲಸೋಲ ಮಾಡುವ ಕಾಲದಲ್ಲೇ ಆ ರಾಶಿಯನ್ನು ಕೊಂಡು, ನ್ಯೂಯಾರ್ಕಿಗೆ ಸಾಗಿಸಿ, ನಲವತ್ತು ವರ್ಷ ಕಾಪಾಡಿ, ಕೊನೆಗೆ 1968ರಲ್ಲಿ ಅಲ್ಲಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿದಳು. ಅವನಿಂದ ಕಲಿತ ಕಣ್ಣಿನಿಂದ 1935ರಿಂದ 1939ರವರೆಗೆ ತನ್ನ ಊರು ಬದಲಾಗುವುದನ್ನು ತಾನೇ ಚಿತ್ರಿಸಿದಳು. ಹಳೆಯದನ್ನು ಎತ್ತಿಡುವುದು, ಜೋಪಾನ ಮಾಡುವುದು ಹೆಂಗಸರಿಗೆ ಹೊಸ ಕೆಲಸವೇನಲ್ಲ. ಅಜ್ಜಿಯ ಸೀರೆಯಿಂದ ಹಿಡಿದು ಮಕ್ಕಳ ಮೊದಲ ಬಟ್ಟೆಯವರೆಗೆ ನಾವು ಮಾಡುವುದೂ ಅದನ್ನೇ. ಆದರೆ ಆಕೆ ಎತ್ತಿಟ್ಟದ್ದು ಒಂದು ಊರನ್ನು.

ಈಗ ಡಿಸೆಂಬರ್ ತಿಂಗಳಿಗೆ ಬರುತ್ತೇನೆ. ಅದು ನಾನೇ ತೆಗೆದದ್ದು. ವೈಸರಾಯ್ ಡಫರಿನ್ 1886ರಲ್ಲಿ ಮೈಸೂರಿಗೆ ಬಂದ ನೆನಪಿಗೆ ದೇವರಾಜ ಮಾರುಕಟ್ಟೆಯ ಬಳಿ ಎದ್ದು ನಿಂತ ಚಿಕ್ಕ ಗಡಿಯಾರದ ಚಿತ್ರ. ಎಲ್ಲರೂ ಮೆಚ್ಚಿದ್ದು ಅದನ್ನೇ. ಎಳೆಬಿಸಿಲು, ಗೋಪುರ, ಕಲ್ಲಿನ ನೆಲದ ಮೇಲೆ ಉದ್ದನೆಯ ನೆರಳು. ಆ ನೆರಳಿನಲ್ಲಿ ಕೂತು ವಯಸ್ಸಾದವರೊಬ್ಬರು ಮಲ್ಲಿಗೆ ಕಟ್ಟುತ್ತಿದ್ದರು. ನಾನು ಕ್ಯಾಮೆರಾ ಎತ್ತುವುದು, ಇಳಿಸುವುದು ಮಾಡುತ್ತಿದ್ದುದನ್ನು ಕಂಡು ಅವರೇ ಕೇಳಿದರು: "ನಾ ಅಡ್ಡ ಆಯ್ತಿವ್ನೇನವ್ವ? ಸರ್ಕೊಳ್ಳ್ಲಾ?"

"ಸ್ವಲ್ಪ ಆ ಕಡೆ ಕೂತ್ಕೊಂಡ್ರೆ ಒಳ್ಳೇದಿತ್ತು ಅಮ್ಮ" ಎಂದೆ.

ಅವರು ಹೂವಿನ ಪುಟ್ಟಿ, ಬಾಳೆನಾರು, ನೀರಿನ ಚೊಂಬು, ಗೋಣಿತಾಟು ಎಲ್ಲವನ್ನೂ ಎರಡು ಸಲ ಎತ್ತಿಟ್ಟುಕೊಂಡು ಬಿಸಿಲಿಗೆ ಸರಿದು ಕೂತರು. ನಾನು ನಾಲ್ಕು ಸಲ ಕ್ಲಿಕ್ಕಿಸಿ, "ತುಂಬ ಉಪಕಾರ ಆಯ್ತಮ್ಮ" ಎಂದು ಎರಡು ಮೊಳ ಹೂ ಕೊಂಡು ಹೊರಟೆ. ಅವರ ಹೆಸರನ್ನೂ ಕೇಳಲಿಲ್ಲ.

ಡಿಸೆಂಬರ್ ತಿಂಗಳ ಚಿತ್ರದ ಕೊರತೆ ಏನೆಂದು ಈಗ ಹೇಳಬಲ್ಲೆ. ಗಡಿಯಾರ ಅದರಲ್ಲಿ ಬರೀ ಒಂದು ಕಂಬ. ಅದು ಯಾರಿಗೆ ಹೊತ್ತು ಹೇಳುತ್ತಿದೆ? ಆ ಅಮ್ಮನಿಗೆ ಮೇಲಿನ ಮುಳ್ಳಿಗಿಂತ ಕೆಳಗಿನ ನೆರಳೇ ಗಡಿಯಾರ. ಅದು ಸರಿದಂತೆ ಅವರೂ ಸರಿಯುತ್ತಾರೆ, ನೆರಳು ಕುಗ್ಗುವುದರೊಳಗೆ ಹೂ ಖರ್ಚಾಗಬೇಕು. ಇದೆಲ್ಲ ನನ್ನ ಕಣ್ಣೆದುರಿಗೇ ಇತ್ತು. ಚಿತ್ರ ಚೆನ್ನಾಗಿ ಬರಲೆಂದು ಚಿತ್ರದ ಜೀವವನ್ನೇ ನಾನು ಬಿಸಿಲಿಗೆ ಕಳಿಸಿದ್ದೆ.

ಆಮೇಲೆ ಬೋರ್ಡುಗಳನ್ನೂ ಬೇರೆ ಕಣ್ಣಿನಿಂದ ಓದತೊಡಗಿದೆ. ಅಂಗಡಿಗಳ ಮೇಲೆ ಹೆಣ್ಣು ಹೆಸರುಗಳಿಗೇನೂ ಬರವಿಲ್ಲ. ಲಕ್ಷ್ಮಿ, ಅನ್ನಪೂರ್ಣ, ಗಾಯತ್ರಿ, ಚಾಮುಂಡೇಶ್ವರಿ. ಒಳಗೆ ಗಲ್ಲಾಪೆಟ್ಟಿಗೆಯ ಮುಂದೆ ಕೂತವರು ಬೇರೆ. ಬೋರ್ಡಿನ ಮೂಲೆಯ 'ಪ್ರೊ:' ಎಂಬ ಪುಟ್ಟ ಅಕ್ಷರದ ಮುಂದಿನ ಹೆಸರು ಬೇರೆ. 'ಅಂಡ್ ಸನ್ಸ್' ಎಂದು ಬರೆಸಿದ ಬೋರ್ಡುಗಳು ಎಷ್ಟೋ. ಹೆಣ್ಣುಮಕ್ಕಳನ್ನು ಸೇರಿಸಿ ಬರೆಸಿದ ಒಂದೂ ನಮ್ಮ ವರ್ಷದ ತಿರುಗಾಟದಲ್ಲಿ ಕಣ್ಣಿಗೆ ಬೀಳಲಿಲ್ಲ. ನಿಜವಾಗಿ ವ್ಯಾಪಾರ ಮಾಡುವ ಹೆಂಗಸರು, ಹೂವು, ಸೊಪ್ಪು, ನಿಂಬೆಹಣ್ಣು ಮಾರುವವರು, ಬೋರ್ಡಿಲ್ಲದ ಜಾಗದಲ್ಲಿ ಕೂತಿದ್ದಾರೆ. ಬೋರ್ಡುಗಳನ್ನಷ್ಟೇ ಹುಡುಕಿಕೊಂಡು ಹೋದ ಐವರು ಹೆಂಗಸರಿಗೆ ಅವರು ಕಾಣದೇ ಹೋದದ್ದರಲ್ಲಿ ಆಶ್ಚರ್ಯವಿಲ್ಲ, ನಾಚಿಕೆಯಿದೆ.

ಇದು ಬರೀ ಚಂದದ ಪ್ರಶ್ನೆಯಲ್ಲ. 1892ರ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟಿನಲ್ಲಿ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಕೆಡವಿ ಕಟ್ಟಬೇಕೋ, ದುರಸ್ತಿ ಮಾಡಬೇಕೋ ಎಂಬ ವಾದ ಕೋರ್ಟಿನವರೆಗೆ ಹೋಯಿತು. ಅಂಥ ವಾದ ನಡೆಯುವಾಗ ಚಿತ್ರಗಳೂ ಸಾಕ್ಷಿ ಹೇಳುತ್ತವೆ. ನಮ್ಮ ಕ್ಯಾಲೆಂಡರನ್ನು ನೋಡಿದವರಿಗೆ ಏನು ತೋರೀತು? ಅಲ್ಲಿ ಹಳೆಯ ಗೋಡೆಯಿದೆ, ಬೋರ್ಡಿದೆ, ಗಡಿಯಾರವಿದೆ, ಜನ ಯಾರೂ ಇಲ್ಲ ಎಂದಲ್ಲವೇ? ಯಾರೂ ಇಲ್ಲದ ಜಾಗವನ್ನು ಉಳಿಸಿದರೂ ಒಂದೇ, ಕೆಡವಿದರೂ ಒಂದೇ. ಹಳೆಯದನ್ನು ಪ್ರೀತಿಸುತ್ತೇವೆಂದುಕೊಂಡು ಅದರ ಮೇಲಿನ ಹಕ್ಕುದಾರರನ್ನೇ ನಾವು ಚಿತ್ರದಿಂದ ಅಳಿಸಿದ್ದೆವು.

ಹಾಗಾದರೆ ಒಳ್ಳೆಯ ಚಿತ್ರ ಯಾವುದು ಎಂದು ನೀವು ಕೇಳಬಹುದು. ನನಗೆ ದೊಡ್ಡ ಸಿದ್ಧಾಂತ ಗೊತ್ತಿಲ್ಲ. ಬೋರ್ಡಿನ ಜೊತೆ ಅದರ ಕೆಳಗೆ ನಿಲ್ಲುವವರೂ ಇರಲಿ, ಕೇಳಿ ತೆಗೆಯಿರಿ. ತಂತಿ ಇದ್ದರೆ ಇರಲಿ, ಅದೂ ಈ ಕಾಲದ ಗುರುತು. ಬೀದಿಯ ಹೆಸರು, ತಾರೀಖು ಬೆನ್ನಿಗೆ ಬರೆಯಿರಿ. ಬೋರ್ಡು ಬರೆದವನ ಹೆಸರು ಮೂಲೆಯಲ್ಲಿದ್ದರೆ ಅದನ್ನು ಕತ್ತರಿಸಬೇಡಿ.

ಹೋದ ತಿಂಗಳು ಮತ್ತೆ ಚಿಕ್ಕ ಗಡಿಯಾರದ ಕಡೆ ಹೋಗಿದ್ದೆ, ಈ ಸಲ ಒಂಬತ್ತು ಗಂಟೆಯ ಹೊತ್ತಿಗೆ. ಆ ಅಮ್ಮ ಇದ್ದರು. ನನ್ನನ್ನು ಕಂಡ ತಕ್ಷಣ ಪುಟ್ಟಿಗೆ ಕೈ ಹಾಕಿ ಏಳಲು ಹೊರಟರು. "ಬೇಡಿ ಅಮ್ಮ, ನೀವು ಅಲ್ಲೇ ಇರಿ, ನಿಮ್ಮನ್ನೂ ಸೇರಿಸಿ ತೆಗೀಲಾ?" ಎಂದೆ. "ನನ್ನ ಪಟ ಯಾಕವ್ವ" ಎಂದವರು, ಸೆರಗು ಸರಿ ಮಾಡಿಕೊಂಡು, ಹೂ ಕಟ್ಟುವುದನ್ನು ಮಾತ್ರ ನಿಲ್ಲಿಸದೆ ಕೂತರು. ಚಿತ್ರದಲ್ಲಿ ಒಂದು ಆಟೋ ಅರ್ಧ ನುಗ್ಗಿದೆ. ಗೋಪುರದ ತುದಿ ಕತ್ತರಿಸಿಹೋಗಿದೆ. ಅದರ ಪ್ರತಿಯೊಂದನ್ನು ಅವರಿಗೆ ಕೊಟ್ಟು, ಹೆಸರು ಕೇಳಿ, ನನ್ನ ಪ್ರತಿಯ ಬೆನ್ನಿಗೆ ಬರೆದುಕೊಂಡೆ. ಇನ್ನೊಂದು ಪ್ರತಿಯನ್ನು ಡಿಸೆಂಬರ್ ಹಾಳೆಯ ಮೇಲೆ ಅಂಟಿಸಿದ್ದೇನೆ.