ವಿಡಿಯೋ ಆಟಗಳ ಬಾಲ್ಯಸ್ಮೃತಿ ಮತ್ತು ಪಾಠಾಂತರದ ಪ್ರಶ್ನೆ

ಬಾಲ್ಯದಲ್ಲಿ ಮೊದಲು ಕಂಡ ವಿಡಿಯೋ ಆಟವನ್ನು ನೆನೆದು ಪ್ರಾಪ್ತವಯಸ್ಕರು ಬರೆಯುವ ಸ್ಮೃತಿಲೇಖನಗಳಿಗೆ ಈಗ ಒಂದು ಗೊತ್ತಾದ ಜಾಡು ಬಿದ್ದಿದೆ. ಪ್ರಥಮ ದರ್ಶನದ ಬೆರಗು, ಒಂದು ರೂಪಾಯಿಯ ನಾಣ್ಯಕ್ಕಾಗಿ ಪಟ್ಟ ಪಾಡು, ಹಿರಿಯರ ಗದರಿಕೆ, ಕಡೆಗೆ ಆ ದಿನಗಳು ಮರಳಿ ಬಾರವೆಂಬ ನಿಟ್ಟುಸಿರು. ಇಷ್ಟರಲ್ಲಿ ಬಹುಪಾಲು ಲೇಖನಗಳು ಮುಗಿದುಹೋಗುತ್ತವೆ. ಇವನ್ನು ಓದಿ ಸಂತೋಷಪಡುವವರಲ್ಲಿ ನಾವೂ ಸೇರಿದ್ದೇವೆ. ಆದರೆ ವಿಮರ್ಶೆಯ ದೃಷ್ಟಿಯಿಂದ ನೋಡುವಾಗ ಒಂದು ಮೂಲಭೂತ ಪ್ರಶ್ನೆ ಉಳಿದುಬಿಡುತ್ತದೆ. ಲೇಖಕನು ನೆನೆಯುತ್ತಿರುವುದು ಯಾವ ಆಟವನ್ನು? ‘ಕಾಂಟ್ರಾ’ ಎಂದೋ ‘ಮಾರಿಯೋ’ ಎಂದೋ ಆತನು ಹೆಸರು ಹೇಳಿದೊಡನೆ ಉತ್ತರ ದೊರೆಯಿತೆಂದು ಓದುಗರು ಭಾವಿಸುತ್ತಾರೆ. ಉತ್ತರ ಅಷ್ಟು ಸುಲಭವಲ್ಲವೆಂಬುದನ್ನೂ, ಈ ಆಟಗಳ ಮೇಲೆ ಜೀವಮಾನವಿಡೀ ಉಳಿಯುವ ಪ್ರೀತಿಯ ಸ್ವರೂಪ ತಿಳಿಯಬೇಕಾದರೆ ಮೊದಲು ಪಾಠನಿರ್ಣಯವಾಗಬೇಕೆಂಬುದನ್ನೂ ವಿಜಯಪುರ ಹಾಗೂ ಅದರ ನೆರೆಯ ತಿಕೋಟಾ, ಬಬಲೇಶ್ವರಗಳ ನಿದರ್ಶನದಿಂದ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಮ್ಮ ಬಾಲ್ಯ 1990ರ ದಶಕದ್ದು. ಆಗ ನಗರಕ್ಕೆ ಬಿಜಾಪುರವೆಂಬ ಹೆಸರೇ ಅಧಿಕೃತವಾಗಿದ್ದಿತು. ವಿಜಯಪುರವೆಂದಾದುದು 2014ರ ನವೆಂಬರ್ 1ರಂದು. ಅಥಣಿಯ ಹಾದಿಯ ಮೇಲಿನ ತಿಕೋಟಾ, ಜಮಖಂಡಿಯ ಹಾದಿಯ ಮೇಲಿನ ಬಬಲೇಶ್ವರ ಇವೆರಡೂ ಈಗ ತಾಲ್ಲೂಕು ಕೇಂದ್ರಗಳಾಗಿವೆಯಾದರೂ ಆಗ ಬಿಜಾಪುರ ತಾಲ್ಲೂಕಿನ ಊರುಗಳೇ ಆಗಿದ್ದುವು. ಅಲ್ಲಿನ ಹುಡುಗನಿಗೆ ವಿಡಿಯೋ ಆಟದ ದರ್ಶನ ಸಾಮಾನ್ಯವಾಗಿ ನಗರಕ್ಕೆ ಬಂದಾಗ ಆಗುತ್ತಿದ್ದಿತು: ಬಸ್ ನಿಲ್ದಾಣದ ಆಸುಪಾಸಿನ ಆಟದಂಗಡಿಯಲ್ಲಿ, ಇಲ್ಲವೆ ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯಲ್ಲಿ. ಜಾತ್ರೆಯಿಂದ ಅಂಗೈಯಗಲದ ಇಟ್ಟಿಗೆಯಾಟದ ಯಂತ್ರವೊಂದು ಮನೆಗೆ ಬಂದಿತೆಂದರೆ ಓಣಿಗೆ ಓಣಿಯೇ ಅದರ ಸುತ್ತ ನೆರೆಯುತ್ತಿದ್ದಿತು. ಅದರಲ್ಲಿದ್ದುದು 1984ರಲ್ಲಿ ಮಾಸ್ಕೋದ ವಿಜ್ಞಾನ ಅಕಾಡೆಮಿಯ ಗಣಕಕೇಂದ್ರದಲ್ಲಿ ಅಲೆಕ್ಸಿ ಪಜಿಟ್ನೋವ್ ರಚಿಸಿದ ‘ಟೆಟ್ರಿಸ್’ ಆಟದ ಅನುಕರಣವೆಂಬುದು ಓಣಿಯಲ್ಲಿ ಯಾರಿಗೂ ತಿಳಿದಿರಲಿಲ್ಲ. ತಿಳಿಯಬೇಕೆಂದು ಯಾರಿಗೂ ತೋರಲೂ ಇಲ್ಲ. ಕರ್ತೃವಿನ ಹೆಸರಿಲ್ಲದ ಕೃತಿಯನ್ನು ಮನಸಾರೆ ಒಪ್ಪಿಕೊಳ್ಳುವುದು ಹಂತಿಯ ಹಾಡನ್ನು ಕೇಳಿ ಬೆಳೆದ ನಾಡಿಗೆ ಹೊಸದೇನೂ ಅಲ್ಲವಷ್ಟೆ.

ತರುವಾಯ ಟೀವಿಗೆ ಜೋಡಿಸುವ ಯಂತ್ರಗಳು ಬಂದುವು. ಇವು ಬಹುಮಟ್ಟಿಗೆ ಜಪಾನಿನ ನಿಂಟೆಂಡೊ ಸಂಸ್ಥೆ 1983ರ ಜುಲೈ 15ರಂದು ಹೊರತಂದ ಫ್ಯಾಮಿಕಾಮ್ ಯಂತ್ರದ ಅನುಕರಣಗಳು. ಅಮೆರಿಕದ ಮಾರುಕಟ್ಟೆಗಾಗಿ ಅದೇ ಸಂಸ್ಥೆ 1985ರಲ್ಲಿ ಸಿದ್ಧಪಡಿಸಿದ ಯಂತ್ರದಲ್ಲಿ ಅನಧಿಕೃತ ಆಟಗಳನ್ನು ತಡೆಯುವ ಬೀಗದ ಚಿಪ್ಪೊಂದು ಇದ್ದಿತು. 60 ಪಿನ್ನುಗಳ ಜಪಾನಿ ಯಂತ್ರದಲ್ಲಿ ಅಂತಹ ತಡೆಯಿರಲಿಲ್ಲ. ಪ್ರತಿ ಮಾಡುವವರಿಗೆ ಇದಕ್ಕಿಂತ ಅನುಕೂಲ ಬೇರೇನು ಬೇಕು? ಆಟವನ್ನು ಒಳಗೊಂಡ ಚಿಕ್ಕ ಪೆಟ್ಟಿಗೆಗೆ ನಮ್ಮ ಕಡೆ ‘ಕ್ಯಾಸೆಟ್’ ಎಂಬ ಹೆಸರು ನಿಂತಿತು. ಕೃತಿಸ್ವಾಮ್ಯದ ಕಣ್ಣಿನಿಂದ ಈ ಕ್ಯಾಸೆಟ್ಟುಗಳು ಕಳವಿನ ಮಾಲು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಪಾಠವಿಮರ್ಶಕನ ಕಣ್ಣಿಗಾದರೋ ಇವು ಒಂದು ಪ್ರತಿಪರಂಪರೆ. ಓಲೆಗರಿಯ ಪ್ರತಿಯನ್ನು ಕೈಗೆತ್ತಿಕೊಂಡಾಗ ಕೇಳುವ ಪ್ರಶ್ನೆಗಳೆಲ್ಲವನ್ನೂ ಇಲ್ಲಿಯೂ ಕೇಳಬಹುದು: ಇದರ ಮಾತೃಕೆ ಯಾವುದು, ಲಿಪಿಕಾರನು ಬಿಟ್ಟದ್ದೇನು, ಸೇರಿಸಿದ್ದೇನು?

‘ಕಾಂಟ್ರಾ’ ಆಟವನ್ನೇ ತೆಗೆದುಕೊಳ್ಳೋಣ. ಕೊನಾಮಿ ಸಂಸ್ಥೆ ಇದನ್ನು 1987ರಲ್ಲಿ ನಾಣ್ಯದ ಯಂತ್ರಕ್ಕಾಗಿ ರಚಿಸಿ 1988ರಲ್ಲಿ ಮನೆಯ ಯಂತ್ರಕ್ಕೆ ಇಳಿಸಿತು. ಹಾಗೆ ಇಳಿಸುವಾಗ ಜಪಾನಿನ ಪಾಠ, ಅಮೆರಿಕದ ಪಾಠವೆಂದು ಎರಡಾದುವು. ಜಪಾನಿನ ಪಾಠದಲ್ಲಿ ಮೊದಲ ಘಟ್ಟದ ಕಾಡು ಗಾಳಿಗೆ ತೂಗುತ್ತದೆ. ಹಿಮದ ಘಟ್ಟದಲ್ಲಿ ಹಿಮ ಬೀಳುವುದು ಕಾಣುತ್ತದೆ. ಘಟ್ಟ ಘಟ್ಟಕ್ಕೂ ಭೂಪಟವೊಂದು ಮೂಡುತ್ತದೆ. ಅಮೆರಿಕದ ಪಾಠದಲ್ಲಿ ಇವೊಂದೂ ಇಲ್ಲ. ಕಥೆಯ ದೇಶಕಾಲಗಳು ಕೂಡ ಬೇರೆ. ಜಪಾನಿನಲ್ಲಿ ಅದು 27ನೆಯ ಶತಮಾನದಲ್ಲಿ ನ್ಯೂಜಿಲೆಂಡಿನ ಬಳಿಯ ಕಲ್ಪಿತ ದ್ವೀಪಸಮೂಹದಲ್ಲಿ ನಡೆದರೆ, ಅಮೆರಿಕದ ಕೈಪಿಡಿಯಲ್ಲಿ ಅಮೆಜಾನಿನ ಕಾಡಿನಲ್ಲಿ ನಡೆಯುತ್ತದೆ. 1990ರ ಐರೋಪ್ಯ ಪಾಠಕ್ಕಂತೂ ‘ಪ್ರೊಬೊಟೆಕ್ಟರ್’ ಎಂದು ಹೆಸರಿಟ್ಟು ವೀರರಿಬ್ಬರನ್ನೂ ಯಂತ್ರಮಾನವರನ್ನಾಗಿ ಮಾಡಿದರು. ನಮ್ಮ ಕ್ಯಾಸೆಟ್ಟುಗಳಲ್ಲಿ ಒಮ್ಮೆ ಜಪಾನಿನ ಪಾಠವೂ ಒಮ್ಮೆ ಅಮೆರಿಕದ್ದೂ ಬರುತ್ತಿದ್ದುವು. ಹೀಗಿರುವಲ್ಲಿ ತಿಕೋಟಾದವನೊಬ್ಬನು ಹಿಮ ಬೀಳುತ್ತಿದ್ದುದನ್ನು ನೆನೆದರೆ, ಅಮೆರಿಕದ ಪಾಠವನ್ನು ಈಗ ಮೊಬೈಲಿನಲ್ಲಿ ಮತ್ತೆ ಆಡಿ ನೋಡಿದ ನಗರದ ಗೆಳೆಯನು ಅದು ಭ್ರಮೆಯೆಂದು ನಕ್ಕುಬಿಡುತ್ತಾನೆ. ಮೊದಲನೆಯವನು ಸಂಕೋಚಪಟ್ಟು ಆ ಹಿಮವನ್ನು ತನ್ನ ಬರಹದಿಂದ ತೆಗೆದುಹಾಕುತ್ತಾನೆ. ಇಬ್ಬರೂ ಕಂಡದ್ದು ಸತ್ಯ, ತೆಗೆದುಹಾಕಿದ್ದೊಂದೇ ತಪ್ಪು.

ವಿಚಿತ್ರವೆಂದರೆ ಇದಕ್ಕೆ ವಿರುದ್ಧವಾದ ಪ್ರಕ್ಷೇಪವೂ ನಡೆಯುತ್ತದೆ. ‘ಕಾಂಟ್ರಾ’ ಎಂದೊಡನೆ ಪ್ರಪಂಚದಾದ್ಯಂತ ಸ್ಮರಿಸಲ್ಪಡುವುದು ಮೂವತ್ತು ಜೀವಗಳನ್ನು ಕೊಡುವ ಗುಂಡಿಗಳ ಗುಪ್ತಕ್ರಮ. ಕಜುಹಿಸಾ ಹಾಶಿಮೊಟೊ ಎಂಬ ರಚನಕಾರನು ಇದನ್ನು ಮೊದಲು 1986ರಲ್ಲಿ ‘ಗ್ರಾಡಿಯಸ್’ ಆಟದಲ್ಲಿ ಇಟ್ಟನು. ಅಲ್ಲಿಂದ ಅದು ಬೇರೆ ಆಟಗಳಿಗೆ ಹರಿಯಿತು. ನಮ್ಮ ಬಹು ಆಟಗಳ ಕ್ಯಾಸೆಟ್ಟುಗಳಲ್ಲಿಯಾದರೋ ಮೂವತ್ತು ಜೀವಗಳ ‘ಕಾಂಟ್ರಾ’ ಅನೇಕ ವೇಳೆ ಪಟ್ಟಿಯಲ್ಲಿಯೇ ಬೇರೊಂದು ಆಟವೆಂಬಂತೆ ಸಿದ್ಧವಾಗಿರುತ್ತಿದ್ದಿತು. ಒಂದು ಸಂಖ್ಯೆಯನ್ನು ಒತ್ತಿದರೆ ಮೂವತ್ತು ಜೀವ, ಇನ್ನೊಂದನ್ನು ಒತ್ತಿದರೆ ಮೂರನೆಯ ಘಟ್ಟ, ಮತ್ತೊಂದಕ್ಕೆ ಹರಡುವ ಗುಂಡಿನ ಬಂದೂಕು. ಪಟ್ಟಿಯ ತಲೆಬರಹದಲ್ಲಿ 9999 ಆಟಗಳೆಂದಿದ್ದರೂ ನಿಜವಾಗಿ ಇರುತ್ತಿದ್ದುವು ಬೆರಳೆಣಿಕೆಯವು. ಉಳಿದುವೆಲ್ಲ ಇಂತಹ ರೂಪಾಂತರಗಳು. ಹೀಗಿರುತ್ತ, ವಿಜಯಪುರದ ಬಾಲ್ಯವನ್ನು ಬರೆಯುವವರು ಗುಪ್ತಕ್ರಮವನ್ನು ಕಲಿತ ಪ್ರಸಂಗವನ್ನು ತಪ್ಪದೆ ಸೇರಿಸುವುದನ್ನು ನೋಡಿದಾಗ ನಮಗೆ ಸಂಶಯವುಂಟಾಗುತ್ತದೆ. ಅದು ಬೇರೆಯವರ ಸ್ಮೃತಿಯನ್ನು ಓದಿ ತಮ್ಮದಕ್ಕೆ ತುಂಬಿಕೊಂಡ ಪಾಠವಿದ್ದೀತು.

ಮಾರಿಯೋ ಆಟದ ವಿಷಯ ಇನ್ನೂ ಸೂಕ್ಷ್ಮವಾದುದು. 1985ರ ಸೆಪ್ಟೆಂಬರಿನಲ್ಲಿ ಬಂದ ಈ ಕೃತಿಯ ಇಡೀ ಗಾತ್ರ 40 ಕಿಲೋಬೈಟು. ಜಪಾನಿನ ಟೀವಿಯಲ್ಲಿ ಸೆಕೆಂಡಿಗೆ 60 ಚಿತ್ರಗಳು ಮೂಡುತ್ತವೆಂಬ ಲೆಕ್ಕದ ಮೇಲೆ ಆಟದ ಓಟ, ಕಾಲಗಣನೆ, ಸಂಗೀತ ಎಲ್ಲವೂ ನಿಂತಿವೆ. ಭಾರತದ ಟೀವಿ ಪಾಲ್ ಪದ್ಧತಿಯದು; ಅದಕ್ಕೆ ಹೊಂದಿಸಿದ ಯಂತ್ರದಲ್ಲಿ ಸೆಕೆಂಡಿಗೆ ಮೂಡುವುದು 50 ಚಿತ್ರ. ಐರೋಪ್ಯ ಅಧಿಕೃತ ಪಾಠದಲ್ಲಿ ಈ ವ್ಯತ್ಯಾಸವನ್ನು ಸರಿತೂಗಿಸಿದ್ದರು. ಪ್ರತಿಕಾರರು ಅಂತಹ ಶ್ರಮಕ್ಕೆ ಹೋಗಲಿಲ್ಲ. ಪರಿಣಾಮವಾಗಿ ಆಟ ಆರರಲ್ಲಿ ಐದು ಪಾಲಿನ ವೇಗದಲ್ಲಿ ನಡೆಯಿತು. ಮೊದಲ ಘಟ್ಟದ 400 ಎಣಿಕೆಗಳು ಮೂಲದಲ್ಲಿ 160 ಸೆಕೆಂಡುಗಳಲ್ಲಿ ಮುಗಿದರೆ, ಅಂತಹ ಯಂತ್ರದಲ್ಲಿ 192 ಸೆಕೆಂಡು ಹಿಡಿಯುತ್ತವೆ. ರಾಗ ಹೆಚ್ಚುಕಡಿಮೆ ಅದೇ, ಲಯ ವಿಲಂಬಿತ. ಮೂಲವನ್ನು ನಡುವಯಸ್ಸಿನಲ್ಲಿ ಕೇಳಿದ ನಮ್ಮ ಓರಗೆಯವರಲ್ಲಿ ಕೆಲವರಿಗೆ ಅದು ಅವಸರದ ಹಾಡುಗಾರಿಕೆಯಂತೆ ತೋರಿದೆ. ಅವರ ಕಿವಿಯನ್ನು ಯಾರು ತಾನೇ ದೂಷಿಸಬಲ್ಲರು? ಅವರಿಗೆ ದತ್ತವಾಗಿದ್ದ ಪಾಠ ಅದು.

ಹೆಸರುಗಳಲ್ಲಿಯೂ ಪಾಠಾಂತರಗಳುಂಟು. ಕ್ಯಾಪ್ಕಾಮ್ ಸಂಸ್ಥೆ 1993ರಲ್ಲಿ ಹೊರತಂದ ‘ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್’ ಆಟ ಮಾರ್ಕ್ ಷುಲ್ಟ್ಸ್ ಎಂಬಾತನ ಚಿತ್ರಕಥೆಯನ್ನು ಆಧರಿಸಿದುದು. ಈ ಹೆಸರನ್ನು ಆಟದಂಗಡಿಯಲ್ಲಿ ಯಾರೂ ಉಚ್ಚರಿಸಿದುದನ್ನು ನಾವು ಕೇಳಿಲ್ಲ. ಅದರ ನಾಲ್ವರು ವೀರರಲ್ಲಿ ಒಬ್ಬನಾದ ಮುಸ್ತಫಾನ ಹೆಸರೇ ಆಟದ ಹೆಸರಾಯಿತು. ಭಾರತದ ಇತರ ಊರುಗಳಲ್ಲಿಯೂ ಹೀಗೆಯೇ ಆಯಿತೆಂಬುದು ನಿಜ. ಆದರೆ ಆದಿಲಶಾಹಿಯ ರಾಜಧಾನಿಯಾಗಿದ್ದ ನಗರದಲ್ಲಿ ಮುಸ್ತಫಾ ಪಕ್ಕದ ಓಣಿಯ ಗೆಳೆಯನ ಹೆಸರೂ ಹೌದು. ಪರದೇಶದ ಕಥೆಯೊಳಗೆ ಪರಿಚಿತನೊಬ್ಬನು ಸಿಕ್ಕಂತಾದ ಆ ಭಾವವನ್ನು ಯಾವ ಸ್ಮೃತಿಲೇಖನವೂ ಬಿಡಬಾರದು. ಇದೇ ರೀತಿ ‘ಜೀವ’ ಎಂಬ ಪದ. ಆಟದ ಭಾಷೆಯಿಂದ ಅನುವಾದವಾಗಿ ಬಂದುದೆಂದು ಇದನ್ನು ತಿಳಿಯುವವರಿದ್ದಾರೆ. ಹುತುತುವಿನಲ್ಲಿ ಮುಟ್ಟಿಸಿಕೊಂಡವನು ‘ಸತ್ತು’ ಹೊರಗೆ ಕೂಡುವುದೂ, ತನ್ನ ಪಕ್ಷದವರು ಎದುರಾಳಿಯನ್ನು ಔಟು ಮಾಡಿದಾಗ ‘ಬದುಕಿ’ ಒಳಗೆ ಬರುವುದೂ ಮೊದಲಿನಿಂದ ಇದ್ದ ವಾಡಿಕೆ. ಆದುದರಿಂದ ಮೂರು ಜೀವಗಳ ಕಲ್ಪನೆಯನ್ನು ನಮ್ಮ ಹುಡುಗರಿಗೆ ಯಾರೂ ವಿವರಿಸಬೇಕಾಗಲಿಲ್ಲ.

ಆಟದಂಗಡಿಯ ಮಾತು ಬಂದುದರಿಂದ ಪ್ರಾಸಂಗಿಕವಾಗಿ ಒಂದು ಸಂಗತಿಯನ್ನು ಹೇಳಬಹುದು. ಕರ್ನಾಟಕದ ವಿಡಿಯೋ ಆಟದ ಕೇಂದ್ರಗಳಿಗೆ ಪರವಾನಗಿಯ ನಿಯಮ ಅನ್ವಯಿಸುವುದೋ ಇಲ್ಲವೋ ಎಂಬ ವಾದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 1995ರ ಶಿವಾನಿ ಪ್ರಕರಣದಲ್ಲಿ ಅನ್ವಯಿಸುವುದೆಂದು ತೀರ್ಪಾಯಿತು. ಅಲ್ಲಿ ಎದ್ದುದು ಕೌಶಲವೋ ಆಕಸ್ಮಿಕವೋ ಎಂಬ ಪ್ರಶ್ನೆ. ಆಟದ ಅಂತಃಸ್ವರೂಪವನ್ನು ಕುರಿತ ಈ ಪ್ರಶ್ನೆಯನ್ನು ಸಾಹಿತ್ಯವಿಮರ್ಶಕರಿಗಿಂತ ಮೊದಲು ನ್ಯಾಯವಾದಿಗಳು ಎತ್ತಿಕೊಂಡರೆಂಬುದು ನಮಗೆ ಅಷ್ಟೇನೂ ಅಭಿಮಾನದ ವಿಷಯವಲ್ಲ.

ಈಗ ಆಕ್ಷೇಪವೊಂದನ್ನು ಎದುರಿಸಬೇಕು. ಸ್ಮೃತಿ ನಂಬಲರ್ಹವಲ್ಲ, ಮೂವತ್ತು ವರ್ಷಗಳ ಹಿಂದಿನ ಹಿಮವನ್ನೂ ಲಯವನ್ನೂ ಪ್ರಮಾಣವೆಂದು ಹೇಗೆ ಸ್ವೀಕರಿಸುವುದು? ಗ್ರಂಥಸಂಪಾದನೆಯಲ್ಲಿ ಕ್ಲಿಷ್ಟಪಾಠಕ್ಕೆ ಮನ್ನಣೆ ಕೊಡುವ ಸೂತ್ರವೊಂದುಂಟು. ಲಿಪಿಕಾರನು ಕಷ್ಟವಾದುದನ್ನು ಸುಲಭವಾಗಿಸುವನೇ ಹೊರತು ಸುಲಭವನ್ನು ಕಷ್ಟವಾಗಿಸುವುದು ವಿರಳ. ಸ್ಮೃತಿಯೂ ಒಬ್ಬ ಲಿಪಿಕಾರ. ಲೋಕಪ್ರಸಿದ್ಧವಾದ ಪಾಠಕ್ಕೆ ಹೊಂದುವ ನೆನಪನ್ನು ಅದು ಆಮೇಲೆ ಓದಿದ್ದರಿಂದ ತುಂಬಿಕೊಂಡಿರಬಹುದು. ಹೊಂದದೆ ಮುಳ್ಳಿನಂತೆ ಉಳಿದ ನೆನಪನ್ನು ತುಂಬಿಕೊಳ್ಳಲು ಅದಕ್ಕೆ ಕಾರಣವೇ ಇಲ್ಲ. ಈ ಸೂತ್ರಕ್ಕೂ ಮಿತಿಯಿದೆ. 9999 ಆಟಗಳನ್ನೂ ಆಡಿ ಮುಗಿಸಿದೆನೆಂದು ಹೇಳುವವನನ್ನು ನಂಬಲು ಯಾವ ಸೂತ್ರವೂ ಸಾಲದು.

ಇಷ್ಟಾದ ಮೇಲೆ ಪ್ರೀತಿಯ ವಿಚಾರಕ್ಕೆ ಬರಬಹುದು. ಅದು ಗೆಳೆಯರ ಸಹವಾಸದ ಪ್ರೀತಿ, ಆಟ ಕೇವಲ ನೆಪವೆಂದು ಅನೇಕರು ಬರೆದಿದ್ದಾರೆ. ಇದನ್ನು ನಾವು ಒಪ್ಪಲಾರೆವು. ಗೋಲಿ, ಚಿಣಿಫಣಿಗಳಲ್ಲಿಯೂ ಗೆಳೆಯರಿದ್ದರು. ನಲವತ್ತರ ಪ್ರಾಯದಲ್ಲಿ ರಾತ್ರಿ ಹೊತ್ತು ಏಕಾಂಗಿಯಾಗಿ ಗೋಲಿ ಆಡುವವರನ್ನು ನಾವು ಕಂಡಿಲ್ಲ. ಪ್ರೀತಿಯ ಬೇರು ಕೃತಿಯ ರಚನೆಯಲ್ಲಿಯೇ ಇದೆ. ಮಾರಿಯೋ ಆಟದ ಮೊದಲ ನೋಟವನ್ನು ಗಮನಿಸಿ. ವೀರನು ತೆರೆಯ ಎಡಭಾಗದಲ್ಲಿ ನಿಂತಿದ್ದಾನೆ, ಬಲಗಡೆ ಬಯಲು ತೆರೆದಿದೆ. ಅಲ್ಪ ದೂರ ನಡೆದೊಡನೆ ಎದುರಿನಿಂದ ಅಣಬೆಯಾಕಾರದ ಪ್ರಾಣಿಯೊಂದು ಬರುತ್ತದೆ. ಅದಕ್ಕೆ ತಗುಲಿ ಸತ್ತವನು ಎರಡನೆಯ ಸಲ ಹಾರುತ್ತಾನೆ. ಹಾರಿದವನ ತಲೆ ಮೇಲಿನ ಇಟ್ಟಿಗೆಗೆ ಬಡಿದು ನಾಣ್ಯ ಹೊರಡುತ್ತದೆ. ಒಂದಕ್ಷರವಿಲ್ಲದೆ ನಾಲ್ಕು ನಿಯಮಗಳು ಮನಸ್ಸಿಗೆ ಇಳಿದುವು. ಇಂಗ್ಲಿಷು ಬಾರದ, ಜಪಾನಿಯ ಲಿಪಿಯನ್ನು ಎಂದೂ ಕಾಣದ ಬಬಲೇಶ್ವರದ ಬಾಲಕನು ಕ್ಯೋಟೋದ ಶಿಗೆರು ಮಿಯಾಮೊಟೊ ಮತ್ತು ಅವನ ಸಂಗಡಿಗರ ಕೃತಿಯನ್ನು ಭಾಷಾಂತರವಿಲ್ಲದೆ ನೇರವಾಗಿ ಓದಿದನು. ಶಾಲೆಯ ಯಾವ ಪುಸ್ತಕವೂ ಆ ವಯಸ್ಸಿನಲ್ಲಿ ಅವನಿಗೆ ಇಷ್ಟು ಮರ್ಯಾದೆ ಕೊಟ್ಟಿರಲಿಲ್ಲ. ಕರೆಂಟು ಹೋದರೆ ಗಳಿಸಿದುದೆಲ್ಲ ಅಳಿದು ಮತ್ತೆ ಮೊದಲಿನಿಂದ ತೊಡಗಬೇಕಾಗುತ್ತಿದ್ದುದರಿಂದ ಮೊದಲ ಘಟ್ಟಗಳು ಬಾಯಿಪಾಠದಂತೆ ಕೈಪಾಠವಾದುವು. ಕೈ ಕಲಿತುದನ್ನು ಮನಸ್ಸು ಬೇಗ ಬಿಡದು.

2000ದ ಬಳಿಕ ಗಣಕಯಂತ್ರದ ಅಂಗಡಿಗಳು ಬಂದುವು. ಗಾತ್ರ ತಗ್ಗಿಸಲೆಂದು ಸಂಗೀತವನ್ನೂ ಚಲಚ್ಚಿತ್ರಖಂಡಗಳನ್ನೂ ತೆಗೆದ ‘ರೋಡ್ ರ‍್ಯಾಶ್’ ಪ್ರತಿಗಳು ಕೈಯಿಂದ ಕೈಗೆ ಹೋದುವು, ಇವನ್ನು ಖಂಡಪಾಠಗಳೆನ್ನಬಹುದು. ಇವುಗಳ ವಿಚಾರ ಇಲ್ಲಿ ವಿಸ್ತರಿಸುವುದಿಲ್ಲ. ಆದರೆ ಮೊಬೈಲಿನ ಪೀಳಿಗೆಯ ಸ್ಥಿತಿ ಯೋಚಿಸತಕ್ಕದ್ದು. 2018ರಲ್ಲಿ ಬಂದ ‘ಪಬ್‌ಜಿ ಮೊಬೈಲ್’ ಆಟವನ್ನು 2020ರ ಸೆಪ್ಟೆಂಬರಿನಲ್ಲಿ ಭಾರತ ಸರಕಾರ ನಿಷೇಧಿಸಿತು. 2021ರಲ್ಲಿ ಅದರ ಭಾರತೀಯ ಪಾಠ ಬೇರೆ ಹೆಸರಿನಲ್ಲಿ ಬಂದಿತು. ಇಂತಹ ಆಟ ದೂರದ ಸರ್ವರಿನಲ್ಲಿ ನೆಲೆಸಿದೆ. ಪ್ರತಿಯೊಂದು ಪರಿಷ್ಕರಣವೂ ಹಿಂದಿನ ಪಾಠವನ್ನು ಅಳಿಸುತ್ತದೆ. 2018ರಲ್ಲಿ ಹತ್ತು ವರ್ಷದವನಾಗಿದ್ದ ಹುಡುಗನು ಮುಂದೆ ತನ್ನ ಬಾಲ್ಯದ ಆಟವನ್ನು ನೆನೆದಾಗ ಹೋಲಿಸಿ ನೋಡಲು ಅವನಿಗೆ ಪ್ರತಿಯೇ ಇರದು. ಅವನಿಗೆ ಹೋಲಿಸಿದರೆ ಕ್ಯಾಸೆಟ್ಟಿನ ಪೀಳಿಗೆ ಭಾಗ್ಯಶಾಲಿ. ಪ್ರತಿಗಳು ಅಟ್ಟದ ಮೇಲೆ, ಗೋಧಿಯ ಡಬ್ಬಿಗಳ ಹಿಂದೆ, ಇನ್ನೂ ಬಿದ್ದಿವೆ.

ಬಿದ್ದಿರುವ ಪ್ರತಿಗಳನ್ನು ಮನೆಮನೆಯಿಂದ ಕೂಡಿಸುವ ಕಾರ್ಯಕ್ಕೆ ವಿಜಯಪುರದಲ್ಲಿ ಮೇಲ್ಪಂಕ್ತಿಯಿದೆ. ಫ. ಗು. ಹಳಕಟ್ಟಿಯವರು ಇದೇ ನಗರದಲ್ಲಿ ವಕೀಲರಾಗಿದ್ದು ವಚನಗಳ ಓಲೆಗರಿಗಳನ್ನು ಸಂಗ್ರಹಿಸಿ, 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿ, ಮರುವರ್ಷ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ವಚನಕ್ಕೂ ಕ್ಯಾಸೆಟ್ಟಿಗೂ ಮೌಲ್ಯದಲ್ಲಿ ಸಾಮ್ಯವನ್ನು ಕಲ್ಪಿಸುವ ಸಾಹಸ ನಮ್ಮದಲ್ಲ. ಕ್ರಮದಲ್ಲಿ ಸಾಮ್ಯವಿದೆಯೆಂಬಷ್ಟೇ ನಮ್ಮ ಮಾತು. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ 1964ರಲ್ಲಿ ಬಂದಂದಿನಿಂದ ನಮ್ಮ ವಿಭಾಗಗಳಲ್ಲಿ ಪ್ರತಿವರ್ಣನೆಯ ಶಿಸ್ತು ಅಪರಿಚಿತವಲ್ಲ. ಪಟ್ಟಿಯ ತಲೆಬರಹ, ಅದರಲ್ಲಿ ನಿಜವಾಗಿ ಇರುವ ಆಟಗಳ ಸಂಖ್ಯೆ, ತೆರೆಯ ಮೇಲಿನ ಲಿಪಿ, ಕೊಂಡ ಊರು, ಆಡಿದ ಮನೆ ಇವಿಷ್ಟನ್ನು ಬರೆದಿಟ್ಟರೆ ಆರಂಭಕ್ಕೆ ಸಾಕು. ಇದನ್ನು ಬರೆಯುವಾಗ ನಮ್ಮ ಮೇಜಿನ ಮೇಲೆ ಎರಡು ಕ್ಯಾಸೆಟ್ಟುಗಳಿವೆ, ಒಂದು ನಗರದ್ದು, ಒಂದು ತಿಕೋಟಾದ್ದು. ಎರಡರ ಮೇಲೂ ಅಂಟಿಸಿದ ಚಿತ್ರ ಒಂದೇ. ತಿಕೋಟಾದ ಪ್ರತಿಯಲ್ಲಿ ಐದನೆಯ ಘಟ್ಟಕ್ಕೆ ಬಂದಾಗ ಹಿಮ ಬೀಳುತ್ತದೆ.