ಬೀಗ-ಕೀಲಿಕೈ ಹೋಲಿಕೆ: ಎಲ್ಲಿಯವರೆಗೆ ಸರಿ?

ವೈರಸ್ ಮನುಷ್ಯನ ಜೀವಕೋಶದೊಳಕ್ಕೆ ಹೇಗೆ ಹೋಗುತ್ತದೆ? ಈ ಪ್ರಶ್ನೆಗೆ ನಮ್ಮ ಜನಪ್ರಿಯ ವಿಜ್ಞಾನ ಲೇಖನಗಳು ಕೊಡುವ ಉತ್ತರ ಬಹುಮಟ್ಟಿಗೆ ಒಂದೇ. ಜೀವಕೋಶ ಒಂದು ಮನೆ. ಅದರ ಹೊರಪೊರೆಯ ಮೇಲಿರುವ ಗ್ರಾಹಕ ಪ್ರೋಟೀನು ಬೀಗ. ವೈರಸ್ಸಿನ ಮೇಲಿರುವ ಮುಳ್ಳು ಪ್ರೋಟೀನು ಕೀಲಿಕೈ. 2020ರಲ್ಲಿ ಕೋವಿಡ್-19 ಹರಡಿದಾಗ ಈ ಹೋಲಿಕೆ ಪತ್ರಿಕೆ, ಭಾಷಣ, ಕರಪತ್ರಗಳಲ್ಲೆಲ್ಲ ಕಾಣಿಸಿಕೊಂಡಿತು. ಇದು ಸುಲಭವಾಗಿ ಅರ್ಥವಾಗುತ್ತದೆ, ನಿಜ. ಆದರೆ ಅರ್ಥವಾದದ್ದು ಏನು ಎಂಬುದನ್ನು ನಾವು ಪರಿಶೀಲಿಸಲೇ ಇಲ್ಲ.

ಈ ವಿಮರ್ಶೆಯನ್ನು ನನ್ನಿಂದಲೇ ಆರಂಭಿಸುವುದು ನ್ಯಾಯ. ಆ ವರ್ಷ ಕುಮಾರ ಪಾರ್ಕ್‌ನ ನಮ್ಮ ರಸ್ತೆಯ ನಿವಾಸಿಗಳಿಗಾಗಿ ಒಂದು ಪುಟದ ಟಿಪ್ಪಣಿ ಬರೆದು ಹಂಚಿದ್ದೆ. ಎಸಿಇ2 ಎಂಬ ಗ್ರಾಹಕವೇ ಬೀಗ, ಅದಕ್ಕೆ ಕೈ ಹಾಕಲು ಬಿಡದಿದ್ದರೆ ವೈರಸ್ ಒಳಗೆ ಬರಲಾರದು ಎಂಬುದು ಅದರ ಸಾರಾಂಶ. ಕೆಲವು ದಿನಗಳ ನಂತರ ಪಕ್ಕದ ಮನೆಯ ಹಿರಿಯ ಮಹಿಳೆಯೊಬ್ಬರು ಕಾಂಪೌಂಡಿನ ಆಚೆಯಿಂದಲೇ, "ಮೇಷ್ಟ್ರೇ, ನನ್ನ ಬಿ.ಪಿ. ಮಾತ್ರೆ ಆ ಎಸಿಇ ಬಾಗಿಲುಗಳನ್ನ ಜಾಸ್ತಿ ಮಾಡುತ್ತಂತೆ. ಬಾಗಿಲು ಮುಚ್ಚಬೇಕು ಅಂತ ನೀವೇ ಬರೆದಿದ್ದೀರಲ್ಲ, ಒಂದು ವಾರದಿಂದ ನಿಲ್ಲಿಸಿಬಿಟ್ಟಿದ್ದೀನಿ" ಎಂದರು. ಅಳೆದು ನೋಡಿದರೆ ರಕ್ತದೊತ್ತಡ 180 ದಾಟಿತ್ತು. ಅವರ ವೈದ್ಯರಿಗೆ ಕೂಡಲೇ ಫೋನ್ ಮಾಡಿ, ಮಾತ್ರೆ ಮತ್ತೆ ಆರಂಭವಾಯಿತು. ತೊಂದರೆಯಾಗಲಿಲ್ಲ. ಆದರೆ ಆಕೆಯ ತರ್ಕದಲ್ಲಿ ದೋಷವಿರಲಿಲ್ಲ. ದೋಷವಿದ್ದದ್ದು ನನ್ನ ಹೋಲಿಕೆಯಲ್ಲಿ.

ಎಸಿಇ2 ವೈರಸ್ಸಿಗಾಗಿ ಇಟ್ಟ ಬೀಗವಲ್ಲ. ಅದೊಂದು ಕಿಣ್ವ. ರಕ್ತನಾಳಗಳನ್ನು ಸಂಕುಚಿಸುವ ಆಂಜಿಯೋಟೆನ್ಸಿನ್-2 ಎಂಬ ವಸ್ತುವನ್ನು ಒಡೆದು ಅದರ ಪ್ರಭಾವವನ್ನು ತಗ್ಗಿಸುವುದು ಅದರ ಕೆಲಸ. 'ಎಸಿಇ ಪ್ರತಿಬಂಧಕ' ಮಾತ್ರೆಗಳು ತಡೆಯುವುದು ಅದರ ಬಂಧುವಾದ ಬೇರೊಂದು ಕಿಣ್ವವನ್ನು. ಇಂತಹ ಮಾತ್ರೆಗಳಿಂದ ಎಸಿಇ2 ಹೆಚ್ಚಬಹುದೆಂಬ ಸೂಚನೆ ಕೆಲವು ಪ್ರಾಣಿ ಪ್ರಯೋಗಗಳಲ್ಲಿ ಸಿಕ್ಕಿತ್ತು. ಭಯ ಹುಟ್ಟಿದ್ದು ಅಲ್ಲಿಂದ. ಬ್ರೆಜಿಲ್‌ನಲ್ಲಿ 659 ಕೋವಿಡ್ ರೋಗಿಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮಾತ್ರೆ ನಿಲ್ಲಿಸಿದವರಿಗೆ ಮುಂದುವರಿಸಿದವರಿಗಿಂತ ಯಾವ ಲಾಭವೂ ಆಗಲಿಲ್ಲ.

ಬೀಗ-ಕೀಲಿಕೈ ಹೋಲಿಕೆ ವೈರಸ್ ವಿಜ್ಞಾನದ್ದಲ್ಲ. 1894ರಲ್ಲಿ ಜರ್ಮನಿಯ ರಸಾಯನವಿಜ್ಞಾನಿ ಎಮಿಲ್ ಫಿಷರ್ ಇದನ್ನು ಬಳಸಿದ್ದು ಕಿಣ್ವಗಳ ಬಗ್ಗೆ. ಅಲ್ಲಿಯೂ ಇದು ಸಾಲದೆಂದು 1958ರಲ್ಲಿ ಕೋಶ್‌ಲ್ಯಾಂಡ್ ತಿದ್ದುಪಡಿ ಸೂಚಿಸಿದರು: ಕೂಡುವಾಗ ಕಿಣ್ವವೇ ತನ್ನ ಆಕಾರವನ್ನು ಬದಲಿಸಿಕೊಳ್ಳುತ್ತದೆ. ಒಟ್ಟಿನಲ್ಲಿ ಈ ಹೋಲಿಕೆ ಹೇಳಬಲ್ಲದ್ದು ಆಕಾರಗಳ ಹೊಂದಾಣಿಕೆಯನ್ನು ಮಾತ್ರ. ವೈರಸ್ ಪ್ರವೇಶದ ಮೂರು ಮುಖ್ಯ ಸಂಗತಿಗಳನ್ನು ಅದು ಮರೆಮಾಡುತ್ತದೆ.

ಮೊದಲನೆಯದು, ಕೀಲಿಕೈ ತಿರುಗಿಸುವ ಕೈ ಇಲ್ಲಿಲ್ಲ. ಸುಮಾರು 100 ನ್ಯಾನೋಮೀಟರ್ ವ್ಯಾಸದ ಕೊರೋನಾ ವೈರಸ್ ತಾನಾಗಿ ಚಲಿಸದು. ಅಣುಗಳ ಉಷ್ಣಚಲನೆಯ ತಳ್ಳಾಟದಲ್ಲಿ ಅಲೆದಾಡುತ್ತ ಜೀವಕೋಶಕ್ಕೆ ತಾಗುತ್ತದೆ. ಈ ತಳ್ಳಾಟದ ಶಕ್ತಿಯನ್ನು ಭೌತವಿಜ್ಞಾನದಲ್ಲಿ 'ಕೆಟಿ' ಎಂಬ ಮಾನದಿಂದ ಅಳೆಯುತ್ತೇವೆ. ಒಂದು ಮುಳ್ಳಿಗೂ ಒಂದು ಎಸಿಇ2ಗೂ ನಡುವಿನ ಬಂಧ ಸುಮಾರು 18 ಕೆಟಿ. ಅದು ಶಾಶ್ವತ ಬಂಧವಲ್ಲ, ಬಿಡಿಸಿಕೊಳ್ಳಬಲ್ಲದ್ದು. ಆದರೆ ವೈರಸ್ಸಿನ ಮೇಲೆ ಸುಮಾರು ಎರಡು ಡಜನ್ ಮುಳ್ಳುಗಳಿವೆ. ಒಂದು ಬಿಡುವಷ್ಟರಲ್ಲಿ ಇನ್ನೊಂದು ಹಿಡಿಯುತ್ತದೆ. ಬಟ್ಟೆಗೆ ಅಂಟಿದ ಉತ್ತರಾಣಿ ಬೀಜಗಳನ್ನು ಬಿಡಿಸಿದವರಿಗೆ ಇದು ಚೆನ್ನಾಗಿ ಅರ್ಥವಾದೀತು.

ಎರಡನೆಯದು, ಅಂಟಿದ ಮಾತ್ರಕ್ಕೆ ಒಳಗೆ ಹೋದಂತಲ್ಲ. ವೈರಸ್ಸಿನ ಕೊಬ್ಬಿನ ಪೊರೆಯೂ ಜೀವಕೋಶದ ಪೊರೆಯೂ ಬೆಸೆದುಕೊಳ್ಳಬೇಕು. ಎರಡರ ನಡುವಿನ ನೀರಿನ ಪದರವನ್ನು ಹೊರದಬ್ಬಲು ಮತ್ತು ಪೊರೆಗಳನ್ನು ಬಗ್ಗಿಸಲು ಹತ್ತಾರು ಕೆಟಿ ಶಕ್ತಿ ಬೇಕು. ಇದನ್ನು ಕೊಡುವುದು ಮುಳ್ಳು ಪ್ರೋಟೀನೇ. ಅದು ತಯಾರಾಗುವಾಗಲೇ ಬಿಗಿದಿಟ್ಟ ಸ್ಪ್ರಿಂಗಿನಂತಿರುತ್ತದೆ; ಜೀವಕೋಶದ ಕಿಣ್ವವೊಂದು ಅದನ್ನು ಕತ್ತರಿಸಿದಾಗ ಸ್ಪ್ರಿಂಗ್ ಬಿಚ್ಚಿ, ಮತ್ತೆ ಮಡಚಿಕೊಂಡು, ಎರಡು ಪೊರೆಗಳನ್ನು ಹತ್ತಿರಕ್ಕೆ ಎಳೆಯುತ್ತದೆ. 2003ರಲ್ಲಿ ಬಳಕೆಗೆ ಬಂದ ಎಚ್.ಐ.ವಿ. ಔಷಧ ಎನ್‌ಫುವಿರ್ಟೈಡ್ ಇಂಥದೇ ಮಡಚುವಿಕೆಯನ್ನು ತಡೆಯುತ್ತದೆ. ಅದು ಬೀಗವನ್ನೂ ಮುಚ್ಚುವುದಿಲ್ಲ, ಕೀಲಿಕೈಯನ್ನೂ ಕಸಿಯುವುದಿಲ್ಲ. ನಮ್ಮ ಹೋಲಿಕೆಯಲ್ಲಿ ಅದಕ್ಕೆ ಜಾಗವೇ ಇಲ್ಲ.

ಮೂರನೆಯದು, ದಾರಿ ಒಂದೇ ಅಲ್ಲ. ಕೊರೋನಾ ವೈರಸ್ ಹೊರಪೊರೆಯಲ್ಲೇ ಬೆಸೆದುಕೊಳ್ಳಬಲ್ಲದು. ಇಲ್ಲವೇ ಜೀವಕೋಶ ಅದನ್ನು ಒಂದು ಚೀಲದಲ್ಲಿ ಒಳಗೆಳೆದುಕೊಂಡ ಮೇಲೆ, ಚೀಲ ಆಮ್ಲೀಯವಾದಾಗ ಬೆಸೆದುಕೊಳ್ಳಬಲ್ಲದು. ಇದನ್ನು ಮರೆತದ್ದರ ಬೆಲೆ ದೊಡ್ಡದು. ಹೈಡ್ರಾಕ್ಸಿಕ್ಲೋರೋಕ್ವಿನ್ ಚೀಲದ ಆಮ್ಲತೆಯನ್ನು ತಗ್ಗಿಸುತ್ತದೆ. ಮಂಗದ ಮೂತ್ರಪಿಂಡದ ಕೋಶಗಳಲ್ಲಿ ಅದು ವೈರಸ್ಸನ್ನು ತಡೆಯಿತು. ಮಾರ್ಚ್ 2020ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಆರೋಗ್ಯ ಕಾರ್ಯಕರ್ತರಿಗೆ ಮುನ್ನೆಚ್ಚರಿಕೆಯಾಗಿ ಅದನ್ನು ಸೂಚಿಸಿತು. ಆದರೆ ಆ ಮಂಗದ ಕೋಶಗಳಲ್ಲಿ ಹೊರಪೊರೆಯ ದಾರಿಗೆ ಬೇಕಾದ ಟಿಎಂಪಿಆರ್‌ಎಸ್‌ಎಸ್2 ಕಿಣ್ವ ಇರಲಿಲ್ಲ. ಅದಿರುವ ಮಾನವ ಶ್ವಾಸಕೋಶದ ಕೋಶಗಳಲ್ಲಿ ಔಷಧ ಕೆಲಸ ಮಾಡುವುದಿಲ್ಲವೆಂದು ಅದೇ ವರ್ಷ ಜರ್ಮನಿಯ ಸಂಶೋಧಕರು ತೋರಿಸಿದರು. ಬ್ರಿಟನ್ನಿನ ರಿಕವರಿ ಪರೀಕ್ಷೆಯಲ್ಲಿ ಆಸ್ಪತ್ರೆ ಸೇರಿ ಅದನ್ನು ಪಡೆದವರಲ್ಲಿ ಶೇ. 27.0 ಮಂದಿ 28 ದಿನಗಳೊಳಗೆ ಸತ್ತರು, ಪಡೆಯದವರಲ್ಲಿ ಶೇ. 25.0.

ಹಾಗಾದರೆ ತಡೆಯುವುದು ಎಲ್ಲಿ? ಯಾವ ಹಂತದಲ್ಲಾದರೂ ಸರಿ, ಹಂತ ಯಾವುದೆಂದು ತಿಳಿದಿರಬೇಕು. ನಮ್ಮ ಬೆಂಗಳೂರಿನದೇ ಉದಾಹರಣೆ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಜಯಂತ ಚಟರ್ಜಿ ಮತ್ತು ಸಂಗಡಿಗರು ಎಸ್‌ಐಎಚ್-5 ಎಂಬ ಪುಟ್ಟ ಕೃತಕ ಪ್ರೋಟೀನನ್ನು ವಿನ್ಯಾಸಗೊಳಿಸಿ 2022ರಲ್ಲಿ ಪ್ರಕಟಿಸಿದರು. ಅದು ಎರಡು ಮುಳ್ಳುಗಳನ್ನು ಮುಖಾಮುಖಿಯಾಗಿ ಜೋಡಿಸಿಬಿಡುತ್ತದೆ. ಹೀಗೆ ವೈರಸ್ಸುಗಳು ಒಂದಕ್ಕೊಂದು ಕಟ್ಟಿಹಾಕಲ್ಪಡುತ್ತವೆ. ಸೋಮನಾಥ ದತ್ತ ಅವರ ಶೈತ್ಯ-ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ ಈ ಜೋಡಿ ಕಂಡಿತು. ರಾಘವನ್ ವರದರಾಜನ್ ಅವರ ಪ್ರಯೋಗಾಲಯದ ಪರೀಕ್ಷೆಯಲ್ಲಿ ಹ್ಯಾಮ್‌ಸ್ಟರ್‌ಗಳಿಗೆ ರಕ್ಷಣೆ ದೊರೆಯಿತು. ಸೊಗಸಾದ ವಿಜ್ಞಾನ. ಆದರೆ ಹ್ಯಾಮ್‌ಸ್ಟರ್ ಮನುಷ್ಯನಲ್ಲ ಎಂಬ ಮಾತನ್ನು ಅದರ ವರದಿ ಬರೆಯುವವರು ಕೊನೆಯ ಸಾಲಿಗಲ್ಲ, ಮೊದಲ ಸಾಲಿಗೇ ಸೇರಿಸಬೇಕು.

ಜೀವಕೋಶಕ್ಕಿಂತ ಬಹಳ ಮುಂಚೆಯೂ ತಡೆ ಸಾಧ್ಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ವೈರಸ್ ನಮ್ಮನ್ನು ತಲುಪುವುದು ಉಣ್ಣೆಯ ಕಡಿತದಿಂದ. ಕಾಡಿಗೆ ಹೋಗುವ ಮಲೆನಾಡಿನವರು ಮೈಗೆ ಹಚ್ಚಿಕೊಳ್ಳುವ ಡೆಪಾ ತೈಲ ಗ್ರಾಹಕವನ್ನಾಗಲಿ ಮುಳ್ಳನ್ನಾಗಲಿ ಮುಟ್ಟುವುದಿಲ್ಲ. ಉಣ್ಣೆಯನ್ನು ದೂರವಿಡುತ್ತದೆ, ಅಷ್ಟೆ. ಹೋಲಿಕೆಯ ಹಂಗಿಲ್ಲದ ಈ ಉಪಾಯವೂ ವೈರಸ್ ತಡೆಯೇ.

ಹೋಲಿಕೆಗಳೇ ಬೇಡವೆಂದು ನಾನು ಹೇಳುತ್ತಿಲ್ಲ. ಸ್ಪ್ರಿಂಗು, ಉತ್ತರಾಣಿ ನಾನೂ ಬಳಸಿದ್ದೇನೆ, ಅವುಗಳಿಗೂ ಮಿತಿಯಿದೆ. ಲೇಖಕರಲ್ಲಿ ನನ್ನ ಕೋರಿಕೆ ಇಷ್ಟೇ: ಹೋಲಿಕೆ ಕೊಟ್ಟ ಪುಟದಲ್ಲೇ ಅದು ಎಲ್ಲಿ ಮುರಿಯುತ್ತದೆ ಎಂಬುದನ್ನೂ ಬರೆಯಿರಿ. ಓದುಗರು ನಾವು ಕೊಟ್ಟ ಚಿತ್ರವನ್ನು ಮನೆಗೆ ಒಯ್ದು, ಅದರಿಂದಲೇ ಮುಂದಿನ ತೀರ್ಮಾನ ಮಾಡುತ್ತಾರೆ. ಪಕ್ಕದ ಮನೆಯವರು ಮಾಡಿದ್ದೂ ಅದನ್ನೇ. ನನ್ನ ಟಿಪ್ಪಣಿಯಲ್ಲಿ 'ವೈದ್ಯರನ್ನು ಕೇಳದೆ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ' ಎಂಬ ಒಂದು ಸಾಲಿದ್ದಿದ್ದರೆ ಸಾಕಿತ್ತು.